ಹಸ್ನಾ ಅಳೆದ ಗೋಡೆ

ಹಸ್ನಾಳಿಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ಅವಳು ಐದನೆಯ ತರಗತಿಯಲ್ಲಿದ್ದಾಗಲೇ ನಾನು ಅದನ್ನು ಕಂಡಿದ್ದೆ. ಕರಿಹಲಗೆಯ ವಿಸ್ತೀರ್ಣ ಕಂಡುಹಿಡಿಯಲು ಹೇಳಿದ್ದೆ. ಎಲ್ಲರೂ ಉದ್ದವನ್ನೂ ಅಗಲವನ್ನೂ ಗುಣಿಸಿ ತಂದರು. ಇವಳ ಉತ್ತರ ಮಾತ್ರ ಕಡಿಮೆಯಿತ್ತು. ತಪ್ಪು ಹಾಕಿದೆ.

"ಸರ್, ಹಲಗೆಯ ಮೂಲೆ ಒಡೆದು ಹೋಗಿದೆಯಲ್ಲ, ಅದನ್ನು ಕಳೆಯುದು ಬೇಡವಾ?" ಎಂದಳು, ಕೇಳಿಯೂ ಕೇಳದಷ್ಟು ಮೆಲ್ಲಗೆ.

ತಪ್ಪನ್ನು ಅಳಿಸಿ ಸರಿ ಹಾಕಿದೆ.

ಅವಳ ತಂದೆ ಸಾಹುಲ್ ಹಮೀದ್ ಕೆಂಪುಕಲ್ಲಿನ ಲಾರಿ ಓಡಿಸುತ್ತಿದ್ದವರು. ಡಿಪ್ಲೊಮಾ ಮುಗಿಸಿದ ಮಗಳು ಈಗ ಪುತ್ತೂರಿನಲ್ಲಿ ಕೃಷ್ಣಮೋಹನ ಎಂಬ ಇಂಜಿನಿಯರರ ಕಚೇರಿಯಲ್ಲಿದ್ದಾಳೆ. ಕಟ್ಟಡದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದು, ಅಳತೆ ಬರೆದಿರುವ ಒಂದು ಗೆರೆಯ ಎರಡು ತುದಿಗಳನ್ನು ಒತ್ತಿ ಸ್ಕೇಲು ಹೊಂದಿಸುತ್ತಾಳೆ. ಆಮೇಲೆ ಗೋಡೆಗಳ ಮೇಲೆ ಮೌಸ್ ಎಳೆಯುತ್ತಾಳೆ. ಬಾಗಿಲು ಕಿಟಕಿಗಳನ್ನು ಕಳೆದು ಎಷ್ಟು ಕಲ್ಲು ಬೇಕೆಂದು ಸಾಫ್ಟ್‌ವೇರ್ ಹೇಳುತ್ತದೆ. ಅದನ್ನೂ ಸುಮ್ಮನೆ ನಂಬುವವಳಲ್ಲ. ಇನ್ನೊಂದು ಗೆರೆಯನ್ನು ಅಳೆದು ತಾಳೆ ನೋಡುತ್ತಾಳೆ.

ಕಳೆದ ವರ್ಷ ನಮ್ಮೂರು ಆಲಂಕಾರಿನಲ್ಲಿ ನಾವು ಕೆಲವರು ಸೇರಿ ಒಂದು ವಾಚನಾಲಯ ಕಟ್ಟಲು ಹೊರಟೆವು. ಸಮಿತಿಗೆ ದೇರಣ್ಣ ಅಧ್ಯಕ್ಷರು, ಕುಶಾಲಪ್ಪ ಮೇಸ್ತ್ರಿ, ನಾನೂ ಒಬ್ಬ ಸದಸ್ಯ. ಎರಡು ಸಾವಿರದ ನೂರ ನಲವತ್ತು ಕಲ್ಲು ಸಾಕೆಂದು ಹಸ್ನಾ ಅಳೆದು ಕೊಟ್ಟಳು. ಗೋಡೆ ಎದೆಯೆತ್ತರಕ್ಕೆ ಬಂದಾಗ ಕಲ್ಲು ಮುಗಿಯಿತು.

"ಕಂಪ್ಯೂಟರಿನ ಒಳಗೆ ಗೋಡೆ ಕಟ್ಟುದು ಸುಲಭ ಮಾರಾಯ್ರೆ, ಅಲ್ಲಿ ಕೈಗೆ ಕೆಸರು ತಾಗುದಿಲ್ಲ" ಎಂದು ಕುಶಾಲಪ್ಪ ನಕ್ಕ. ದೇರಣ್ಣ ಇಂಜಿನಿಯರರಿಗೆ ದೂರು ಬರೆದರು: ಹುಡುಗಿಯ ಬೇಜವಾಬ್ದಾರಿಯಿಂದ ಕೆಲಸ ನಿಂತಿದೆ. ಕೆಳಗೆ ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಕೃಷ್ಣಮೋಹನರು ಅವಳನ್ನು ಅಳತೆಯ ಕೆಲಸದಿಂದ ತೆಗೆದು ಫೋನಿನ ಮುಂದೆ ಕೂರಿಸಿದರು. ಆ ಕಾಗದ ಸುಳ್ಳೆಂದು ತೋರಿಸಿಕೊಟ್ಟರೆ ಮಾತ್ರ ಹಳೆಯ ಕುರ್ಚಿ ಎಂದರು.

ಮರುದಿನ ಬೆಳಿಗ್ಗೆಯೇ ಅವಳು ದೂರಿನ ಕಾಗದ, ನಕ್ಷೆ, ಟೇಪು ಹಿಡಿದು ನಾವು ಮೂವರೂ ಇದ್ದ ಕಟ್ಟಡದ ಬಳಿಗೆ ಬಂದಳು. ನನ್ನತ್ತ ನೋಡಲಿಲ್ಲ. ಕಟ್ಟಡವನ್ನು ಒಂದು ಸುತ್ತು ಬಂದು, ಹಿಂಬದಿಯ ಇಳಿಜಾರಿನಲ್ಲಿ ನಿಂತು, ನೆಲದ ಮಟ್ಟದಿಂದ ಪಂಚಾಂಗದ, ಎಂದರೆ ತಳಪಾಯದ, ಕಲ್ಲುಗಳನ್ನು ಬೆರಳಿಟ್ಟು ಎಣಿಸಿದಳು.

"ನಕ್ಷೆಯಲ್ಲಿ ಮೂರು ಸಾಲು ಉಂಟು. ಇಲ್ಲಿ ಒಂಬತ್ತು. ಕಟ್ಟಡವನ್ನು ಯಾರು ಈ ಬದಿಗೆ ಜರುಗಿಸಿದ್ದು?"

ವಾಲಿಬಾಲ್ ಅಂಗಳ ತುಂಡಾಗಬಾರದೆಂದು ಹನ್ನೆರಡಡಿ ಹಿಂದಕ್ಕೆ ಸರಿಸಿದ್ದು ದೇರಣ್ಣ. ಹಗ್ಗ ಕಟ್ಟಿದ್ದು ಕುಶಾಲಪ್ಪ. ಹಗ್ಗದ ಮೇಲೆ ಸುಣ್ಣದ ಪುಡಿ ಹಾಕಿದ್ದು ನಾನೇ. ಗುಡ್ಡೆ ಅಲ್ಲಿ ನಾಲ್ಕಡಿ ತಗ್ಗು. ನಕ್ಷೆಯಲ್ಲಿ ನೆಲ ಸಪಾಟಾಗಿಯೇ ಉಳಿದಿತ್ತು. ಹೆಚ್ಚಿನ ಆ ಆರು ಸಾಲಿಗೇ ಗೋಡೆಯ ಕಲ್ಲು ಹೋಗಿತ್ತು.

"ನಮ್ಮ ಊರಿನಲ್ಲಿ ಎಲ್ಲಿ ಸಪಾಟು ಉಂಟು ಮಗಳೇ? ನೀನೇ ಅಂದಾಜು ಮಾಡಬೇಕಿತ್ತು" ಎಂದರು ದೇರಣ್ಣ.

"ನೀವು ಜಾಗ ಬದಲಿಸಿದ್ದನ್ನು ನಾನು ಪುತ್ತೂರಿನಲ್ಲಿ ಕೂತು ಅಂದಾಜು ಮಾಡುದಾ? ಬೇಜವಾಬ್ದಾರಿ ಅಂತ ಬರೆಯುವಾಗ ನಿಮಗೆ ಅಂದಾಜು ಬೇಕಾಗಲಿಲ್ಲ. ಸಹಿಯೇ ಸಾಕಾಯಿತು." ಧ್ವನಿ ಇನ್ನೂ ಇಳಿದಿತ್ತು.

"ಆಯ್ತು ಮಾರಾಯ್ತಿ, ಮತ್ತೆ ಮಾತಾಡುವ. ಮೊದಲು ಚಾ ಕುಡಿ" ಎಂದು ದೇರಣ್ಣ ಮಾತು ತಿರುಗಿಸಿದರು.

"ಚಾ ಬೇಡ. ಇದೇ ಕಾಗದದ ಕೆಳಗೆ ನಡೆದದ್ದನ್ನು ಬರೆಯಿರಿ."

ನಾನು ಪೆನ್ನು ತೆಗೆದೆ. ಜಾಗ ಬದಲಿಸಿದ್ದು ನಾವು, ತಿಳಿಸದೆ ಇದ್ದದ್ದೂ ನಾವು ಎಂದು ಬರೆದು ಸಹಿ ಹಾಕಿದೆ. ಆಗ ಅವಳು ಮೊದಲ ಸಲ ನನ್ನನ್ನು ನೋಡಿದಳು.

"ದೂರಿಗೆ ನೀವೂ ಸಹಿ ಹಾಕಿದ್ದಿರಲ್ಲ ಸರ್, ಅದು ನನಗೆ..." ಎಂದವಳು ಮಾತು ನಿಲ್ಲಿಸಿದಳು. ಅವಳ ಬೈಗುಳವನ್ನಾದರೂ ಸಹಿಸಬಹುದಿತ್ತು, ಆ ಅರ್ಧ ಮಾತನ್ನು ಸಹಿಸಲು ನನ್ನಿಂದ ಆಗಲಿಲ್ಲ.

ಕುಶಾಲಪ್ಪ ನಗದೆ ಸಹಿ ಹಾಕಿದ. ದೇರಣ್ಣ ಒಂದೇ ಅಕ್ಷರ ಗೀಚಿದರು.

"ದೂರಿನಲ್ಲಿ ಪೂರ್ತಿ ಹೆಸರು ಬರೆದಿದ್ದೀರಿ. ಇಲ್ಲಿಯೂ ಬರೆಯಿರಿ."

ಬರೆದರು. ಅವಳು ಕಾಗದ ಮಡಚಿ ಬಸ್ಸಿನ ಕಡೆಗೆ ನಡೆದಳು.

ವಾರ ಕಳೆದು ಅವಳೇ ಫೋನು ಮಾಡಿದಳು. ಅಳತೆಯ ಕೆಲಸ ಮತ್ತೆ ಅವಳ ಕೈಗೆ ಬಂದಿತ್ತು. ಸೌಖ್ಯವೇ ಎಂದು ಕೇಳಲಿಲ್ಲ.

"ಸರ್, ಇನ್ನು ಬೇಕಾದ ಕಲ್ಲಿನ ಲೆಕ್ಕ ಹಾಕುತ್ತಿದ್ದೇನೆ. ವಾಚನಾಲಯ ಅಲ್ಲಿಯೇ ಉಂಟಲ್ಲ?"