ಅಮಾವಾಸ್ಯೆಯ ದಿನ ನಡೆದ ಮಗ್ಗ

ಇಳಕಲ್ಲಿನಲ್ಲಿ ಅಮಾವಾಸ್ಯೆಯ ದಿನ ಮಗ್ಗ ನಡೆಯುವುದಿಲ್ಲ. ಇದು ಅಲ್ಲಿಯ ಎಳೆಮಕ್ಕಳಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವಳು ನಾನೊಬ್ಬಳೇ. ತಂಗಿಯ ಮಗಳ ಮದುವೆಗೆ ಸೀರೆ ತರಲೆಂದು ಬಾಗಲಕೋಟೆಯಲ್ಲಿ ಬಸ್ಸು ಹತ್ತಿ, ಹುನಗುಂದ ದಾಟಿ, ಸರಿಯಾಗಿ ಅಮಾವಾಸ್ಯೆಯ ಮಧ್ಯಾಹ್ನವೇ ಅಲ್ಲಿ ಇಳಿದೆ.

"ಇವತ್ತ ಸೂಟಿ ಐತ್ರಿ. ನಾಳಿಗೆ ಬರ್ರಿ," ಎಂದ ಅಂಗಡಿಯವನು, ತಲೆಯೆತ್ತದೇ. (ಕೂಡ್ರಿ ಎನ್ನಲಿಲ್ಲ. ಬಿಸಿಲಿನಲ್ಲಿ ಬಂದವಳಿಗೆ ನೀರು ಬೇಕೇ ಎಂದು ಕೇಳಲಿಲ್ಲ. ಆ ಅಂಗಡಿಯ ಸೀರೆ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ, ಇನ್ನು ಮುಂದೆಯೂ ದಾಟುವುದಿಲ್ಲ.)

ಮರಳುವ ಬಸ್ಸು ಸಂಜೆಗೆ. ಅಲ್ಲಿಯವರೆಗೆ ಏನು ಮಾಡುವುದು? ಶಾಂತಾಳ ನೆನಪಾಯಿತು. ಬಾಗಲಕೋಟೆಯಲ್ಲಿ ನಾನು ಕಲಿಸುತ್ತಿದ್ದ ಶಿಶುವಿಹಾರದ ಹುಡುಗಿ. ಬಾಯಿ ಮುಚ್ಚಿ ಕೂತರೆ ಜ್ವರ ಬಂದಿದೆಯೇನೋ ಎಂದು ನಾನು ಹಣೆ ಮುಟ್ಟಿ ನೋಡುತ್ತಿದ್ದೆ, ಅಷ್ಟು ಮಾತು. ಈಗ ಇಳಕಲ್ಲಿನ ನೇಕಾರರ ಮನೆಯ ಸೊಸೆ.

ಅವಳ ಓಣಿಯೂ ಮೂಕವಾಗಿತ್ತು. ಯಾವ ಮನೆಯಿಂದಲೂ ಲಾಳಿಯ ಸಪ್ಪಳವಿಲ್ಲ. ಶಾಂತಾಳ ಮನೆಯ ಬಾಗಿಲ ಮುಂದೆ ನಿಂತಾಗ ಮಾತ್ರ ಒಳಗಿನಿಂದ ಕೇಳಿಸಿತು: ಲಾಳಿ ಅತ್ತ ಓಡಿದ ಸಪ್ಪಳ, ಎಳೆ ಒತ್ತುವ ಹಣಿಗೆ ಬಡಿದ ಸಪ್ಪಳ, ಲಾಳಿ ಇತ್ತ ಓಡಿದ ಸಪ್ಪಳ. ಪಳಗಿದ ಕೈ ನೇಯುವ ಹಾಗೆ, ತಾಳ ತಪ್ಪದೆ.

ಬಾಗಿಲು ತೆರೆದ ಶಾಂತಾ ನನ್ನ ಗುರುತು ಹಿಡಿದಳು, ಮುಖ ಅರಳಿತು, ಆದರೆ ಮಾತು ಪಿಸುದನಿಯಲ್ಲಿ ಬಂತು. "ಬರ್ರಿ ಅಕ್ಕಾರ. ಸಾವಕಾಶ ಬರ್ರಿ."

"ನಿಮ್ಮ ಮನ್ಯಾಗ ಅಮಾಸಿ ದಿನಾನೂ ನೇಯ್ತೀರೇನ?"

"ಇಲ್ರಿ. ನಮ್ಮ ಅತ್ತಿಯವರು ಕುಂತಾರ್ರಿ."

ನಾನು ಹೊಸ್ತಿಲಲ್ಲೇ ನಿಂತೆ. ಅವಳ ಅತ್ತೆ ಲಕ್ವಾ ಹೊಡೆದು ತೀರಿಕೊಂಡ ಸುದ್ದಿ ನನಗೆ ಯಾವಾಗಲೋ ತಲುಪಿತ್ತು.

"ನಿಮ್ಮ ಅತ್ತಿ ತೀರಿಕೊಂಡು ಮೂರ ವರ್ಷ ಆತಲ್ಲ ಶಾಂತಾ?"

"ಹೌದ್ರಿ," ಎಂದಳು ಅವಳು, ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತ. "ತಿರಗಿ ಬಂದಾರ್ರಿ."

ಒಳಗೆ ಅರೆಗತ್ತಲು. ಕುಣಿಮಗ್ಗದ ಮೇಲೆ ಬಿಳಿಯ ಪಂಚೆ ಹೊದಿಸಿತ್ತು. ಲಾಳಿ ದೇವರ ಜಗಲಿಯ ಮೇಲಿತ್ತು. ನೇಕಾರ ಕಾಲು ಇಳಿಬಿಡುವ ಕುಣಿಯ ಅಂಚಿನಲ್ಲಿ, ಮಡಿಚಿದ ಕೌದಿಯ ಮೇಲೆ, ಮೂರು ವರ್ಷದ ಹೆಣ್ಣು ಮಗುವೊಂದು ಬೆನ್ನು ನೆಟ್ಟಗೆ ಮಾಡಿ ಕುಳಿತಿತ್ತು. ಸಪ್ಪಳ ಬರುತ್ತಿದ್ದುದು ಅದರ ಬಾಯಿಯಿಂದ. ನಾಲಿಗೆಯನ್ನು ಅಂಗುಳಕ್ಕೆ ಬಡಿದು ಲಾಳಿ. ತುಟಿ ಬಿಗಿದು ಹಣಿಗೆ. ನಡುವೆ ಒಮ್ಮೆ ಸಪ್ಪಳ ನಿಂತಿತು. ನೇಕಾರ ಹರಿದ ಎಳೆ ಕೂಡಿಸಲು ತೆಗೆದುಕೊಳ್ಳುವಷ್ಟು ಹೊತ್ತು ಕಾದು, ಮತ್ತೆ ಶುರುವಾಯಿತು.

ನಾನು ಎದುರಿಗೆ ಹೋಗಿ ಕುಳಿತರೂ ಅದು ನನ್ನ ಕಣ್ಣು ನೋಡಲಿಲ್ಲ.

ಓದುಗರೇ, ನನ್ನ ಕೈಯಿಂದ ಎಷ್ಟೋ ಮಕ್ಕಳು ದಾಟಿಹೋಗಿವೆ. ಅಳುವ ಮಗು ಗೊತ್ತು, ಕಚ್ಚುವ ಮಗು ಗೊತ್ತು. ಏನನ್ನೂ ಬೇಡದ ಮಗುವನ್ನು ನಾನು ಕಂಡದ್ದು ಅಂದೇ ಮೊದಲು.

ಆಗ ತಿಳಿದ ಸಂಗತಿ ಇಷ್ಟು. ಅತ್ತೆ ಸತ್ತ ತಿಂಗಳೊಳಗೆ ಶಾಂತಾಳಿಗೆ ಈ ಮಗು ಹುಟ್ಟಿತು. ಅತ್ತೆಯ ಗದ್ದದ ಮೇಲಿದ್ದಂಥ ಮಚ್ಚೆಯೇ ಮಗುವಿನ ಗದ್ದದ ಮೇಲೆ. ಅವಳೇ ಬಂದಳೆಂದು ಮನೆಯವರು ಗಂಗವ್ವ ಎಂದು ಹೆಸರಿಟ್ಟರು. ಹಿರಿಯರ ಹೆಸರು ಮಕ್ಕಳಿಗಿಡುವುದು ನಮ್ಮ ಕಡೆ ಹೊಸತೇ? ಅಲ್ಲ. ಆದರೆ ಸೊಸೆ ಅತ್ತೆಯ ಹೆಸರು ಹಿಡಿದು ಕರೆಯುವಂತಿಲ್ಲ. ಶಾಂತಾಳ ಮಾವ ಸಂಗಪ್ಪನೂ ಹೆಂಡತಿಯ ಹೆಸರನ್ನು ಬದುಕಿನಲ್ಲಿ ಎಂದೂ ಎತ್ತಿದವನಲ್ಲ. ಬೇರೆ ಮನೆಗಳಲ್ಲಿ ಇಂಥ ತೊಡಕಿಗೆ ಚಿನ್ನಿ, ಗುಬ್ಬಿ ಎಂಬ ಅಡ್ಡಹೆಸರಿನ ಉಪಾಯವಿದೆ. ಇಲ್ಲಿ ಅದು ಹಿರಿಯಳಿಗೆ ಅಪಮಾನ. ಹೀಗಾಗಿ ಮಗನಿಗೆ ಅದು "ಅವ್ವಾರು", ಸೊಸೆಗೆ "ಅತ್ತೀ", ಮುದುಕನಿಗೆ ಬರಿಯ "ಆಕಿ".

ಬೆಳಗಾದರೆ ಹಿರಿಯಳು ಕೂಡುತ್ತಿದ್ದ ಜಾಗದಲ್ಲಿ ಮಗುವನ್ನು ಕೂಡಿಸುವುದು. ಮೊದಲ ಚಹಾ ಅದಕ್ಕೆ. ಹಿರಿಯಳಿಗೆ ಸೊಸೆ ಹರಟುವುದು ಸೇರುತ್ತಿರಲಿಲ್ಲವಂತೆ. ಆದ್ದರಿಂದ ಮಗುವಿನ ಮುಂದೆ ಯಾರೂ ಹರಟುವಂತಿಲ್ಲ. ಕಚಗುಳಿ ಇಲ್ಲ. ಗದರಿಕೆ ಇಲ್ಲ. "ಇದೇನು, ಅದೇನು" ಇಲ್ಲ. ದಿನವಿಡೀ ಅದರೊಡನೆ ಮಾತಾಡಿದ್ದು ಮಗ್ಗ ಒಂದೇ.

"ಮಾತ ಬರಲಾರದ್ದಕ್ಕ ಯಾರಿಗೂ ಚಿಂತಿ ಹತ್ತಿಲ್ಲೇನ?" ಎಂದು ಕೇಳಿದೆ.

ಉತ್ತರ ಕೊಟ್ಟವನು ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದ ಸಂಗಪ್ಪ. "ಯಾಕ ಚಿಂತಿ? ಲಕ್ವಾ ಹೊಡದ ಮಾತ ನಿಂತಾಗ ಸತ್ತಾಳ ಆಕಿ. ಅಲ್ಲಿಂದನ ಶುರು ಆಗಬೇಕಲ್ಲ. ಟೈಮ್ ಹಿಡೀತೈತಿ."

ಅವನು ಇದನ್ನು ಬಸ್ಸು ತಡವಾಗಿದೆ ಎನ್ನುವವನಂತೆ ಹೇಳಿದ.

ಶಾಂತಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಮಾವನಿಗೆ ಕೇಳಿಸದಂತೆ ಬಗ್ಗಿ ನನ್ನ ಕಿವಿಯಲ್ಲಿ ಅಂದಳು: "ಅಕ್ಕಾರ, ಒಮ್ಮಿ, ಒಂದ ಒಮ್ಮಿ, ಇಕಿ ನನಗ ಅವ್ವಾ ಅಂತಾಳೇನ್ರಿ?"

ನನಗೆ ಸಿಟ್ಟು ಬಂತು. ಮಗುವಿನ ಅಂಗೈ ಹಿಡಿದು, ಬೆರಳು ಮಡಿಸುತ್ತ, "ಗಂಗಾ" ಎಂದು ಜೋರಾಗಿ ಕರೆದೆ.

ಎಲ್ಲರ ಕಣ್ಣೂ ಗೋಡೆಗೆ ಹೋದವು. ಅಲ್ಲಿ ಮಾಲೆ ಹಾಕಿದ, ಗದ್ದದ ಮೇಲೆ ಮಚ್ಚೆಯಿದ್ದ ಹೆಂಗಸಿನ ಫೋಟೋ. ಮಗುವೂ ತಿರುಗಿತು. ಅದೂ ಫೋಟೋವನ್ನೇ ನೋಡಿತು.

ಎಪ್ಪತ್ತೆರಡರ ಬರದ ಮರುವರ್ಷ ನಮ್ಮ ಶಿಶುವಿಹಾರಕ್ಕೆ ಒಬ್ಬ ಸಾಹೇಬರು ತಪಾಸಣೆಗೆ ಬಂದಿದ್ದರು. ಮಕ್ಕಳ ತಾಯಂದಿರು ಕಟ್ಟಿ ತಂದ ಶೇಂಗಾ ಉಂಡೆ ಮೆಲ್ಲುತ್ತ ಅವರಾಡಿದ ಮಾತನ್ನು ನಾನು ಒಂದಕ್ಷರವೂ ಮರೆತಿಲ್ಲ: "ಬಾಯಾರ, ಬುದ್ಧಿ ಬಲೀಲಾರದ ಕೂಸುಗಳ ಮುಂದ ಚಪ್ಪಾಳಿ ಬಡ್ಯಾಕ ಸರಕಾರ ಯಾಕ ಪಗಾರ ಕೊಡಬೇಕು? ಬುದ್ಧಿ ಬಲಿತ ಮ್ಯಾಲ ಸಾಲಿಗೆ ಬರ್ತಾವ ಬಿಡ್ರಿ." ಸುತ್ತಲಿದ್ದವರು ನಕ್ಕರು. ಯಾರು ಯಾರು ನಕ್ಕರೆಂಬುದೂ ನೆನಪಿದೆ.

ಬುದ್ಧಿ ತಾನಾಗಿಯೇ ಬಲಿಯುತ್ತದೆಯೇ ಸಾಹೇಬರೇ? ಹಣ್ಣಾಗಲೆಂದು ಹುಲ್ಲಿನಲ್ಲಿಟ್ಟ ಮಾವಿನಕಾಯಿಯೇ ಅದು? ಮಗುವಿನ ಮಿದುಳು ಆರು ವರ್ಷ ಮಲಗಿದ್ದು ಏಳನೆಯ ವರ್ಷ ಏಳುವುದಿಲ್ಲ. ಹುಟ್ಟಿದ ಗಳಿಗೆಯಿಂದ ಅದು ಎಚ್ಚರವಾಗಿರುತ್ತದೆ, ಸುತ್ತಲಿನವರು ಏನು ಕೊಟ್ಟರೆ ಅದರಿಂದಲೇ ತನ್ನನ್ನು ಕಟ್ಟಿಕೊಳ್ಳುತ್ತದೆ. ಲಾಲಿ ಕೊಟ್ಟರೆ ಲಾಲಿ. ಲಾಳಿ ಕೊಟ್ಟರೆ ಲಾಳಿ. ಆ ಸಾಹೇಬರನ್ನು ಅಂದು ಆ ಕುಣಿಯ ಪಕ್ಕದಲ್ಲಿ ಕೂಡಿಸಬೇಕಿತ್ತು.

ಸಂಗಪ್ಪನಿಗೂ ಅವನ ಕಸುಬಿನ ಮಾತಿನಲ್ಲೇ, ಉದ್ದೆಳೆಯ ಹಾಸು, ಅಡ್ಡೆಳೆಯ ಹೊಕ್ಕಿನ ಮಾತಿನಲ್ಲೇ, ತಿಳಿಸಲು ನೋಡಿದೆ. "ಹಾಸು ಹೂಡದ ಹೊಕ್ಕು ಹೊಡೀತೀರೇನ್ರಿ? ಕೂಸಿಗೆ ಈಗ ಹಾಸು ಹೂಡೋ ಕಾಲ."

"ಸೀರಿ ಉಡಾವ್ರು ನೇಯೋದ ಹೇಳಾಕ ಬಂದ್ರ ಹೆಂಗ್ರಿ ಅಕ್ಕಾರ?" ಎಂದ ಅವನು. (ಇದನ್ನೂ ಮರೆತಿಲ್ಲ.)

ಮಗುವಿನ ಕಿವಿ ತೋರಿಸುವ ನೆಪ ಹೂಡಿದೆ. ಬಾಗಲಕೋಟೆಯ ದವಾಖಾನೆಗೆ, ಹಾಗೇ ಶಾಂತಾಳ ತವರಿನಲ್ಲಿ ಕೆಲವು ದಿನ. ಶಾಂತಾಳ ಗಂಡ ಮಲ್ಲಪ್ಪ ತಂದೆಯ ಮುಖ ನೋಡಿದ. ಮುದುಕ ಬಹಳ ಹೊತ್ತು ಮಗುವನ್ನು ನೋಡಿ, "ಹೋಗಿ ಬರಲಿ. ಆಕೀನೂ ದಣದಾಳ," ಎಂದ. ಹಿರಿಯ ಮುತ್ತೈದೆ ಊರಿಗೆ ಹೊರಟಾಗ ಹೇಗೋ ಹಾಗೆ, ಮೂರು ವರ್ಷದ ಮಗುವನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಅಡಿಕೆ, ಕುಬಸದ ಖಣ ಇಟ್ಟು ಉಡಿ ತುಂಬಿದರು. ಮಗು ಕೈ ಚಾಚಲಿಲ್ಲ, ನಗಲಿಲ್ಲ. ಮಡಿಲಿನ ಭಾರಕ್ಕೆ ಅದರ ಪುಟ್ಟ ಪರಕಾರ ಜಗ್ಗಿ ನೆಲಕ್ಕೆ ತಾಗಿತ್ತು.

ಬಾಗಲಕೋಟೆಯ ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಶಾಂತಾಳಿಗೆ ಪ್ರಶ್ನೆಗಳನ್ನು ಕೇಳಿದರು. "ಎಲ್ಲಾ ಚಲೋ ಐತಿ," ಎಂದರು. "ತಲಿಗೆ ಉಣಿಸಿಲ್ಲ ನೀವು, ಅಷ್ಟ. ಮಾತ ಉಣಸ್ರಿ. ಹೊತ್ತು ಮೀರಿಲ್ಲ, ಆದ್ರ ದಂಡಿಗಿ ಬಂದೈತಿ."

ಶಾಂತಾಳ ತಾಯಿಯ ಮನೆ ನಮ್ಮ ಮನೆಯ ಹಿಂದಿನ ಓಣಿ. ದಿನವೂ ಹೋಗತೊಡಗಿದೆ. ನಿವೃತ್ತಳಾದವಳಿಗೆ ಬೇರೇನು ಕೆಲಸ? ಶಾಂತಾಳ ತಾಯಿ ಮೊಮ್ಮಗಳನ್ನು ಸೊಂಟದಿಂದ ಇಳಿಸಲಿಲ್ಲ. ರೊಟ್ಟಿ ಬಡಿಯುವಾಗಲೂ ಎದುರಿಗೆ ಕೂಡಿಸಿಕೊಂಡು, "ನೋಡವಾ, ಇದು ಹಿಟ್ಟು, ಇದು ನೀರು, ಇಕಿ ನಿನ್ನ ಅವ್ವ, ಉಪ್ಪ ಹಾಕೂದ ಮರತಾಳ ಹುಚ್ಚಿ," ಎಂದು ಬಡಬಡಿಸಿದಳು. ಓಣಿಯ ಮಕ್ಕಳು ಬಂದು ಮಗುವಿನ ಜಡೆ ಎಳೆದವು. ಮೊದಲು ಅದು ಯಾರತ್ತಲೂ ನೋಡಲಿಲ್ಲ. ಬೆಳಿಗ್ಗೆ ಇಳಕಲ್ಲಿನಲ್ಲಿ ಮಗ್ಗ ಹಿಡಿಯುವ ಹೊತ್ತಿಗೆ ಇಲ್ಲಿ ಸಪ್ಪಳ ಶುರು.

"ಹೊಸಾ ಮಗ್ಗ ಹಾಕೀರೇನ್ರಿ?" ಎಂದು ಪಕ್ಕದ ಮನೆಯ ಬಳೆಗಾರ್ತಿ ಖಾಜಾಬಿ ಕೇಳಲು ಬಂದಳು. ಯಾರ ಬಾಯಿಂದ ಎಂದು ಕಂಡಾಗ, ಬುಟ್ಟಿ ಇಳಿಸಿ ಅಲ್ಲೇ ಕುಳಿತುಬಿಟ್ಟಳು.

ಆಮೇಲಾಮೇಲೆ ಮಗು ಮಾತಾಡುವವರ ಬಾಯಿ ನೋಡತೊಡಗಿತು. ಕಣ್ಣಲ್ಲ, ಬಾಯಿ. ಅಷ್ಟು ಹತ್ತಿರ ಬಂದು, ಉಸಿರು ತಾಗುವಂತೆ ನಿಂತು ನೋಡುತ್ತಿತ್ತು. ಲಾಳಿಯ ಸಪ್ಪಳ ದಿನದಿನಕ್ಕೆ ಕಡಿಮೆಯಾಗಿ ಒಂದು ದಿನ ನಿಂತಿತು. ಬದಲಿಗೆ ಬೇರೇನೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಆ ನಿಶ್ಶಬ್ದ ನನಗೆ ಸಪ್ಪಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಹೋದ ವಾರ ಸಂಗಪ್ಪ ಬಂದ. "ಆಕಿ ಇಲ್ಲದ ಮನಿ ಮನಿ ಅನಸವಲ್ದು. ಕರಕೊಂಡ ಹೋಗ್ತೇನಿ," ಎಂದು ಪಡಸಾಲೆಯಲ್ಲಿ ಕುಳಿತ. ಮಾವನನ್ನು ಕಂಡೊಡನೆ ಶಾಂತಾ ಸೆರಗು ಹೊದ್ದು ಬಾಗಿಲ ಮರೆಗೆ ಸರಿದಳು. ನಾವು ಮಾತಾಡುತ್ತಿದ್ದಂತೆ ಮಗು ಎದ್ದಿತು. ಹಗ್ಗದ ಮೇಲೆ ಒಣಗಿದ್ದ ಟಾವೆಲ್ ಎಳೆದು ತಲೆಗೆ ಹೊದ್ದುಕೊಂಡಿತು. ಸದ್ದಿಲ್ಲದೆ ನಡೆದು ಶಾಂತಾಳಿಂದ ಒಂದಿಷ್ಟು ದೂರ ನಿಂತು, ನೆಲ ನೋಡುತ್ತ, ಮೆಲ್ಲಗೆ, ತೀರಾ ಮೆಲ್ಲಗೆ ಕೇಳಿತು:

"ಅತ್ತೀ, ಚಾ ತರಲ್ರೀ?"

ಶಾಂತಾಳದೇ ದನಿ. ದಿನವೂ ಬೆಳಿಗ್ಗೆ ಕೌದಿಯ ಮುಂದೆ ನಿಂತು ಅವಳು ಆಡುತ್ತಿದ್ದ ಮಾತು, ಅದೇ ಅಂಜಿಕೆ, ಅದೇ ಬಗ್ಗಿದ ಕತ್ತು.

ಮೊದಲು ಬಾಯಿ ಬಿಟ್ಟವನು ಸಂಗಪ್ಪ. "ಇದು ನನ್ನ ಹೇಂತಿ ಅಲ್ಲ," ಎಂದ. ಮುಖ ಬೂದಿಯಾಗಿತ್ತು. "ಆಕಿ ಹುಟ್ಟಿದಾಗಿಂದ ಯಾರಿಗೂ ಚಾ ತರಲೇನು ಅಂತ ಕೇಳಿದಾಕಿ ಅಲ್ಲ."

ಶಾಂತಾಳ ತಾಯಿಗೆ ನಗು ತಡೆಯಲಾಗಲಿಲ್ಲ. ಶಾಂತಾ ನಗಲಿಲ್ಲ. ಬಾಗಿಲ ಮರೆಯಿಂದ ಹೊರಬಂದಳು. ಮಗುವಿನ ತಲೆಯ ಟಾವೆಲ್ ತೆಗೆದಳು. ಮಾವನೆದುರಿಗೇ ತನ್ನ ತಲೆಯ ಸೆರಗನ್ನೂ ತೆಗೆದಳು. ನೆಲಕ್ಕೆ ಕುಳಿತು, ಮಗುವಿನ ಎರಡೂ ಕೆನ್ನೆ ಹಿಡಿದು ಅಂದಳು:

"ಅವ್ವಾ ಅನ್ನು, ಗಂಗಾ."

ಮಗು ಅವಳ ಬಾಯಿಯನ್ನೇ ನೋಡಿತು. ಆಮೇಲೆ, ಅವಳದೇ ನಡುಕವನ್ನೂ ಸೇರಿಸಿ, ಮರಳಿ ಒಪ್ಪಿಸಿತು: "ಅವ್ವಾ ಅನ್ನು, ಗಂಗಾ."

"ಸಾಕ್ರಿ ಅಕ್ಕಾರ," ಎಂದಳು ಶಾಂತಾ, ಕಣ್ಣೊರೆಸಿಕೊಳ್ಳುತ್ತ. "ಹಿಂದ ಮುಂದ ಏನರ ಇರಲಿ, ನಡುವ ಒಂದ ಅವ್ವಾ ಬಂತು."

ಸಂಗಪ್ಪ ಚಹಾ ಕುಡಿಯಲಿಲ್ಲ. ಅವರನ್ನು ಕರೆದೊಯ್ಯುವ ಮಾತನ್ನೂ ಎತ್ತಲಿಲ್ಲ. ಮೆಟ್ಟು ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ, "ನನ್ನ ಮನಿಯಾಕೀನ್ನ ಎರಡನೇ ಸಲ ಮಣ್ಣ ಮಾಡಿದ್ರಿ," ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.

ಈ ಮಾತನ್ನು ಮಾತ್ರ ನಾನು ಅಪಮಾನವೆಂದು ನೆನಪಿಟ್ಟಿಲ್ಲ. ಮುದುಕನ ಸಂಕಟ ಸುಳ್ಳಲ್ಲ.

ಆದರೆ ಆ ಸಂಕಟವನ್ನು ಹೊರಲು ಆ ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲವೇ?