ಹಣ್ಣಾಗದ ಸಾಲಿನ ಸೇಬು

ಕಚ್ಚಿದ ಕೂಡಲೇ ಎರಡೂ ಕಿವಿಗಳ ಕೆಳಗೆ ಜುಮ್ಮೆಂದಿತು, ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಲ್ಯಾಬಿನ ಸಹೋದ್ಯೋಗಿಯೊಬ್ಬಳು ತನ್ನ ಹಿತ್ತಲಿನ ಮರದಿಂದ ಕಿತ್ತು ತಂದು ಕಾಫಿ ಯಂತ್ರದ ಪಕ್ಕ ಇಟ್ಟಿದ್ದ ಸೇಬು. ಇನ್ನೂ ಹಣ್ಣಾಗಿರಲಿಲ್ಲ. ಉಳಿದವರು ಒಂದು ಚೂರು ಕಚ್ಚಿ ಎಸೆದರು. ನಾನು ಕಿಟಕಿಯ ಕಡೆ ತಿರುಗಿ ನಿಂತು ಪೂರ್ತಿ ತಿಂದೆ. ನಮ್ಮ ಕೆಳಗಿನ ಮನೆಯ ಆಂಟಿ ನೆನಪಾದರು...

ಆಗ ನನಗೆ ಎಂಟು ವರ್ಷ. ಅಮೆರಿಕದ ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಮಗನ ಜೊತೆ ಉಡುಪಿಯ ಆಂಟಿ ಕೆಳಗೆ. ಅಮ್ಮ ಬಸುರಿ. ತಿಂದದ್ದು ಯಾವುದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ತೂಕ ಹೀಗೇ ಇಳಿದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಮ್ಮನಿಗೆ ಬೇಕೆನಿಸಿದ್ದು ಒಂದೇ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಅದು ಮಾವಿನ ಕಾಲವಲ್ಲ. ಇಂಡಿಯನ್ ಗ್ರೋಸರಿಯ ಫ್ರೀಜರಿನಲ್ಲಿ ಸಿಕ್ಕ ಹೋಳುಗಳಿಗೆ ಮಂಜುಗಡ್ಡೆಯ ರುಚಿಯಷ್ಟೇ ಇತ್ತು.

"ಬಸುರಿಯ ಬಯಕೆ ಹಾಗೇ ಬಿಡ್ಲಿಕ್ಕೆ ಉಂಟಾ?" ಎನ್ನುತ್ತಿದ್ದರು ಆಂಟಿ. ಗಾಳಿ ಬದಲಾದರೆ ಅಮ್ಮನಿಗೆ ಹಾಯೆನಿಸೀತೆಂದು ಅಪ್ಪ ಶನಿವಾರ ಸೇಬಿನ ತೋಟಕ್ಕೆ ಹೊರಟಾಗ, ಯಾರೂ ಕರೆಯುವ ಮೊದಲೇ ಅವರು ಬಟ್ಟೆಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದರು.

ವಾಟ್ಸನ್‌ವಿಲ್ ಕಡೆಯ ಆ ತೋಟದ ತುಂಬ ಮಕ್ಕಳ ಗದ್ದಲ, ಒಣಹುಲ್ಲಿನ ಪೆಂಡಿಗಳು, ದಾಲ್ಚಿನ್ನಿಯ ಘಮ. ಅಪ್ಪ ಸಂಭ್ರಮದಿಂದ ಬಿಸಿ ಡೋನಟ್ ತಂದು ಅಮ್ಮನ ಮುಂದೆ ಹಿಡಿದರು. ಅಮ್ಮ ಮೂಗು ಮುಚ್ಚಿಕೊಂಡು ಬೇಲಿಯತ್ತ ಓಡಿದಳು.

"ಎಂಥ ಮಾರಾಯ್ರೆ ನೀವು! ವಾಂತಿ ಮಾಡುವವಳಿಗೆ ಎಣ್ಣೆತಿಂಡಿ ತರುದಾ?"

"ಇಲ್ಲಿ ಇದೇ ಫೇಮಸ್ಸು ಅಂದ್ರು ಅಕ್ಕ..."

"ಹಾಗಾದ್ರೆ ಆ ಫೇಮಸ್ಸನ್ನು ನೀವೇ ತಿನ್ನಿ."

ಅಪ್ಪ ತಿಂದರು.

ಆಂಟಿ ಕೆಂಪು ಹಣ್ಣುಗಳ ಸಾಲಿನಲ್ಲಿ ಮರಮರಕ್ಕೂ ನಿಂತು ಮೂಸಿ, "ಸಿಹಿ" ಎಂದು ಬೈದಂತೆ ಹೇಳುತ್ತ ನಡೆದರು. ಕೊನೆಗೆ ಹಗ್ಗ ಕಟ್ಟಿ ಮುಚ್ಚಿದ್ದ ಸಾಲುಗಳು ಬಂದವು. ತಡವಾಗಿ ಹಣ್ಣಾಗುವ ಜಾತಿ. ಕಾಯಿಗಳು ಇನ್ನೂ ಗಟ್ಟಿ, ಹಸಿರು. ಆಂಟಿ ಹಗ್ಗ ದಾಟಲು ಸೀರೆಯ ನೆರಿಗೆ ಎತ್ತಿ ಸಿಕ್ಕಿಸುವಷ್ಟರಲ್ಲಿ ತೋಟದ ಯಜಮಾನರು ಬಂದು, ಇವು ಇನ್ನೂ ಆಗಿಲ್ಲ, ಮುಂದಿನ ತಿಂಗಳು ಬನ್ನಿ ಎಂದರು.

"ಆಗದ್ದೇ ಬೇಕು ಅಂತ ಹೇಳು ಅವರಿಗೆ," ಎಂದು ಆಂಟಿ ನನ್ನನ್ನು ಮುಂದೆ ತಳ್ಳಿದರು.

ಹೊಸಬರೊಡನೆ ಬಾಯಿ ಬಿಡದ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಆಂಟಿ ಅಮ್ಮನನ್ನು ಕೈಹಿಡಿದು ಕರೆತಂದು ಹೊಟ್ಟೆ ತೋರಿಸಿ, ಹುಳಿ ತಿಂದಂತೆ ಮುಖ ಕಿವುಚಿ, ಮರುಕ್ಷಣ ಪರಮಸುಖದಲ್ಲಿ ಕಣ್ಣು ಮುಚ್ಚಿದರು.

"ಅಯ್ಯೋ, ಸಾಕು ಬಿಡಿ ಅಕ್ಕ, ಏನಂದ್ಕೊಳ್ತಾರೆ!" ಅಮ್ಮ ನಾಚಿ ಕೆಂಪಾಗಿದ್ದಳು.

ಯಜಮಾನರು ಗಹಗಹಿಸಿ ನಕ್ಕರು. ತಮ್ಮ ಹೆಂಡತಿ ಬಸುರಿಯಾಗಿದ್ದಾಗ ನಿಂಬೆಹಣ್ಣು ಕಚ್ಚಿ ತಿನ್ನುತ್ತಿದ್ದಳೆಂದು ಹೇಳಿ ಹಗ್ಗ ಬಿಚ್ಚಿದರು.

ಬಟ್ಟೆಚೀಲದಿಂದ ಚೂರಿ, ಉಪ್ಪು, ಮೆಣಸಿನ ಪುಡಿ, ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ, ಮೊಸರನ್ನದ ಡಬ್ಬಿ ಹೊರಬಂದವು. ಆಂಟಿ ಮರದ ಕೆಳಗೇ ಕೂತು ಕಾಯಿ ಹೆಚ್ಚಿ, ಡಬ್ಬಿಯ ಮುಚ್ಚಳದಲ್ಲಿ ಕಲಸಿ ಚಾಚಿದರು. ಅಮ್ಮ ಒಂದು ಹೋಳು ತಿಂದಳು. ನಾವು ಉಸಿರು ಹಿಡಿದು ನೋಡಿದೆವು... ಅವಳು ಮುಚ್ಚಳವನ್ನೇ ತನ್ನತ್ತ ಎಳೆದುಕೊಂಡಳು. ಆ ರುಚಿಗೆ ಸೇರಿಸಿ ಆಂಟಿ ಕೊಟ್ಟ ಮೊಸರನ್ನವನ್ನೂ ತಿಂದಳು. ಒಂದು ತುತ್ತೂ ಹೊರಬರಲಿಲ್ಲ. ಅಪ್ಪ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಯಜಮಾನರೂ ಒಂದು ಹೋಳು ಬಾಯಿಗೆ ಹಾಕಿ, ಕೆಮ್ಮಿ, ಕಣ್ಣೀರು ಸುರಿಸಿ, ಇನ್ನೊಂದಕ್ಕೆ ಕೈಯೊಡ್ಡಿದರು. ಆಂಟಿ ನಗು ತಡೆಯಲಾಗದೆ ಮರಕ್ಕೆ ಒರಗಿಬಿಟ್ಟರು.

ಅಂದು ತಂದ ಒಂದು ಚೀಲ ಕಾಯಿಯಲ್ಲಿ ಆಂಟಿ ದಿನಕ್ಕೊಂದು ಬಗೆ ಮಾಡಿ ಮೇಲೆ ತರುತ್ತಿದ್ದರು. ಗೊಜ್ಜು, ಚಟ್ನಿ, ತೆಂಗು ಅರೆದು ಮಾಡಿದ ಸಾಸಿವೆ... ಅಮ್ಮನ ಕೆನ್ನೆ ತುಂಬಿಕೊಂಡಿತು. ಡ್ರಿಪ್ಪಿನ ಮಾತು ಮತ್ತೆ ಬರಲಿಲ್ಲ. ವಸಂತದಲ್ಲಿ ತಮ್ಮ ಹುಟ್ಟಿದ.

ಅವನಿಗೆ ಮಾತು ಬರುವ ಮೊದಲೇ ಆಂಟಿ ಮಗನ ಜೊತೆ ಬೇರೆ ರಾಜ್ಯಕ್ಕೆ ಹೋದರು, ಆಮೇಲೆ ಉಡುಪಿಗೆ. ಫೋನುಗಳು ವಿರಳವಾದವು. ಅವರು ತೀರಿಕೊಂಡ ಸುದ್ದಿ ಕಳೆದ ವರ್ಷ ಅಮ್ಮನ ಮೊಬೈಲಿಗೆ ಬಂತು, ಹಬ್ಬದ ಶುಭಾಶಯಗಳ ನಡುವೆ. ನಾನು ಯಾರ ಹತ್ತಿರವೂ ಏನೂ ಹೇಳಲಿಲ್ಲ; ಹೇಳಲು ಬರಲಿಲ್ಲ. ತಮ್ಮನಿಗಂತೂ ಅವರ ಮುಖವೇ ನೆನಪಿಲ್ಲ.

ಲ್ಯಾಬಿನಲ್ಲಿ ಆ ಸೇಬು ತಿಂದ ಮರುದಿನ ಬೆಳಿಗ್ಗೆ ಅವನ ಕಾಲೇಜು ಹಾಸ್ಟೆಲಿಗೆ ಫೋನು ಮಾಡಿದೆ. ಇಷ್ಟು ಬೇಗ ಯಾಕೆ, ಏನಾಯಿತು ಎಂದು ಇಂಗ್ಲಿಷಿನಲ್ಲಿ ಗಾಬರಿಯಾದ.

"ಏನೂ ಆಗಿಲ್ಲ ಕಣೋ. ನೀನು ಹುಟ್ಟೋಕೆ ಮುಂಚೆ ನಮ್ಮ ಕೆಳಗಡೆ ಮನೇಲಿ ಒಬ್ರು ಆಂಟಿ ಇದ್ರು..." ಎಂದು ಶುರುಮಾಡಿದೆ.