ಕಾಲಿಗೆ ನೀರು

ಗೋಕಾಕದಿಂದ ಹೊರಟ ನಮ್ಮ ಮೋಟಾರು, ನಾನೂ ಅಣ್ಣನೂ ನಡೆಯಲೆಂದು ಹೊರಟಿದ್ದ ಕಾಡಿನ ಕಾಲುದಾರಿ ಶುರುವಾಗುವ ಗುಡ್ಡದ ಬುಡಕ್ಕೆ ಇನ್ನೊಂದೇ ಏರು ಇರುವಾಗ ಕುದಿದು ನಿಂತಿತು. ಕೊಡ ಹೊತ್ತು ಬರುತ್ತಿದ್ದ ಹೆಂಗಸನ್ನು ಅಣ್ಣ ನೀರು ಕೇಳಿದ. ಅವಳು ಮೋಟಾರಿನ ಬಾಯಿಗೆ ಕೊಡ ಬಗ್ಗಿಸಿದಳು.

"ಇದಕ್ಕ ಸಾಕನ್ನೂದ ಗೊತ್ತಿಲ್ಲೇನ್ರಿ? ಇದಕ್ಕಿಂತ ನಮ್ಮ ಎಮ್ಮಿನ ಪಾಡ!" ಎಂದು ನಕ್ಕಳು.

ಕೊಡ ಬರಿದಾದಾಗ ಅವಳ ನಗು ನಿಂತಿತು. "ಮಗಳನ್ನ ನೋಡಾಕ ಮಂದಿ ಬರೂ ಹೊತ್ತಾತ್ರಿ. ಕಾಲಿಗೆ ನೀರ ಕೊಡದ ಒಳಗ ಹೆಂಗ ಕರೀಲಿ?"

ಬಾವಿ ಬಹಳ ಹಿಂದೆ ಉಳಿದಿತ್ತು. ಅಣ್ಣ ಗುಡ್ಡದ ಕಡೆ ನೋಡಿದ. ನಾನು ಸೀಟಿನಲ್ಲಿ ಸರಿದು ಅವಳಿಗೆ ಜಾಗ ಮಾಡಿದೆ.

ಬಾವಿಯಿಂದ ತಿರುಗಿ ಬರುವಾಗ, ಮೇಲೆ ಹೊದಿಕೆಯಿಲ್ಲದ ಆ ಮೋಟಾರಿನಲ್ಲಿ ಅವಳು ತುಂಬಿದ ಕೊಡವನ್ನು ತಲೆಯ ಮೇಲೆಯೇ ಇಟ್ಟುಕೊಂಡು ಕುಳಿತಳು.

"ತೊಡೆಯ ಮೇಲೆ ಇಟ್ಟುಕೊಳ್ಳಬಾರದೆ?" ಎಂದೆ.

"ಅಲ್ಲಿಟ್ರ ಚೆಲ್ಲತೈತ್ರಿ, ಅಕ್ಕಾರ."

ಅವಳ ಮನೆಯ ಕಟ್ಟೆಯ ಮುಂದೆ ಹೆಣ್ಣು ನೋಡಲು ಬಂದವರು ಧೂಳುಗಾಲಿನಲ್ಲೇ ನಿಂತಿದ್ದರು. ಅವಳು ಮೊದಲ ತಂಬಿಗೆ ನೀರನ್ನು ಅವರಲ್ಲಿ ಹಿರಿಯರಿಗೆ ಕೊಟ್ಟಳು. ಎರಡನೆಯದನ್ನು ನನ್ನ ಮುಂದೆ ಹಿಡಿದಳು.

"ನೀವೂ ಮನಿಗೆ ಬಂದಾವ್ರಲ್ರಿ?"

ಬಿಸಿಲು ಆಗಲೇ ಗುಡ್ಡದ ಆಚೆ ಮಗ್ಗುಲಿಗೆ ವಾಲಿತ್ತು. ಕಾಡಿನ ದಾರಿಗೆಂದು ಬಿಗಿದು ಕಟ್ಟಿಕೊಂಡಿದ್ದ ಬೂಟಿನ ಲಾಡಿ ಬಿಚ್ಚತೊಡಗಿದೆ.